ಶಂಕರಾಭರಣದ ಕಿವಿಯಿಂದ ಹಾರ್ಮನಿ ಕಲಿತದ್ದು

ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಕೆಲಸಕ್ಕೆ ಬಂದ ಹೊಸತು. ಆಫೀಸಿನ ಗೆಳೆಯ ಕಾರಿನಲ್ಲಿ ಒಂದು ಹಾಡು ಹಾಕಿದ. ಗಿಟಾರ್ ಸರಳವಾಗಿತ್ತು. ಆದರೆ ಪಲ್ಲವಿ ಬಂದಾಗ ಹಲವು ಗಂಟಲು ಒಟ್ಟಿಗೆ ಎದ್ದವು, ಬೇರೆ ಬೇರೆ ಸ್ವರದಲ್ಲಿ. ಇದಕ್ಕೇ ಹಾರ್ಮನಿ ಅನ್ನುತ್ತಾರೆ. ಮೈ ಜುಮ್ಮೆಂದಿತು.

ಅದು 77 ಬಾಂಬೆ ಸ್ಟ್ರೀಟ್ ಬ್ಯಾಂಡ್. ಮುಂಬೈಗೂ ಅವರಿಗೂ ಏನೋ ನಂಟು ಅಂದುಕೊಂಡೆ. ಅಲ್ಲ. ಇಲ್ಲಿನದೇ ಗ್ರೌಬುಂಡೆನ್ ಪ್ರಾಂತ್ಯದ ಶಾರಾನ್ಸ್ ಎಂಬ ಗುಡ್ಡಗಾಡಿನ ಹಳ್ಳಿಯ ನಾಲ್ವರು ಅಣ್ಣತಮ್ಮಂದಿರು: ಮ್ಯಾಟ್, ಜೋ, ಎಸ್ರಾ, ಸಿಮ್ರಿ-ರಾಮೋನ್ ಬುಖ್ಲಿ. ಹಿಂದೆ ಮನೆಮಂದಿಯೆಲ್ಲ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿದ್ದಾಗಿನ ವಿಳಾಸವೇ ಬ್ಯಾಂಡಿನ ಹೆಸರು. ಶುರುವಾಗಿದ್ದು 2007ರಲ್ಲಿ. 2011ರಲ್ಲಿ ಮೊದಲ ಆಲ್ಬಮ್ 'ಅಪ್ ಇನ್ ದ ಸ್ಕೈ', ಮರುವರ್ಷವೇ 'ಓಕೋ ಟೌನ್', 2015ರಲ್ಲಿ 'ಸೆವೆನ್ ಮೌಂಟನ್ಸ್'. ಮೂರನ್ನೂ ಎಷ್ಟು ಸಲ ಕೇಳಿದೆನೋ!

ನಾನೂ ಹಾಗೆ ಹಾಡಬೇಕು ಅನ್ನಿಸಿತು. ಗೆಳೆಯ ಹಾಡುತ್ತಾನೆ, ಅವನ ತಂಗಿ ಮ್ಯಾಂಡೊಲಿನ್ ನುಡಿಸುತ್ತಾ ಹಾಡುತ್ತಾಳೆ. ನಾನು ಎಂಟು ವರ್ಷ ಕರ್ನಾಟಕ ಸಂಗೀತ ಕಲಿತವನು, ಸುಲಭ ಅಂದುಕೊಂಡಿದ್ದೆ. ಮೊದಲ ದಿನವೇ ಗೊತ್ತಾಯಿತು. ನಮ್ಮಲ್ಲಿ ಹತ್ತು ಜನ ಕೂತರೂ ಹಾಡುವುದು ಒಂದೇ ಸ್ವರ, ಅಲ್ವಾ? ಗೆಳೆಯ 'ಸ' ಹಿಡಿದರೆ ನನ್ನ 'ಗ' ಜಾರಿ ಅವನ ಜೊತೆ ಸೇರಿಬಿಡುತ್ತಿತ್ತು.

ಆಮೇಲೆ ನನಗೆ ಗೊತ್ತಿರುವ ದಾರಿಯಲ್ಲೇ ಹೋದೆ. ಫೋನಿನಲ್ಲಿ ತಂಬೂರಿ ಹಾಕಿಕೊಂಡೆ. ಶಂಕರಾಭರಣ ರಾಗದ ಸ್ವರಗಳನ್ನು ಬರೆದುಕೊಂಡೆ. ಅವನು 'ಸ ರಿ ಗ' ಅಂದರೆ ನಾನು 'ಗ ಮ ಪ'. ಸುಮ್ನೆ ಎತ್ತರಿಸಿ ಹಾಡಿದರೆ ಆಗುವುದಿಲ್ಲ. 'ಸ'ದಿಂದ 'ಗ'ಕ್ಕೆ ನಾಲ್ಕು ಸ್ವರಸ್ಥಾನ, 'ರಿ'ಯಿಂದ 'ಮ'ಕ್ಕೆ ಮೂರೇ. ಈ ಅಂತರ ಒಂದೊಂದು ಹೆಜ್ಜೆಗೂ ಹಿಗ್ಗಿ ಕುಗ್ಗುವುದರಲ್ಲೇ ಹಾರ್ಮನಿಯ ಸೊಗಸಿದೆ. ಎಲ್ಲಕ್ಕಿಂತ ಕಷ್ಟವಾಗಿದ್ದು ಗಮಕ (ಸ್ವರವನ್ನು ತೂಗಿ ಹಾಡುವುದು) ಬಿಡುವುದು. 'ಮ' ಬಂದ ಕೂಡಲೇ ನನ್ನ ಗಂಟಲು ತಾನಾಗಿ ತೂಗುತ್ತದೆ. ಅದು ಸ್ವಲ್ಪ ಅಲುಗಾಡಿದರೂ ಮೂವರ ಸ್ವರ ಒಡೆಯುತ್ತದೆ. ಅದೊಂದನ್ನು ನೆಟ್ಟಗೆ ನಿಲ್ಲಿಸಲು ಎರಡು ತಿಂಗಳು ಬೇಕಾಯಿತು.

ಗಿಟಾರ್ ಪಕ್ಕಕ್ಕಿಟ್ಟು ಅಭ್ಯಾಸ ಮಾಡಿ ಅಂತ ಯಾರಿಗಾದರೂ ಹೇಳುತ್ತೇನೆ. ಗಿಟಾರಿನ 'ಗ', ತಂಬೂರಿಯೊಳಗೆ ತಾನಾಗಿ ಕೇಳುವ 'ಗ'ಕ್ಕಿಂತ ಕೂದಲೆಳೆಯಷ್ಟು ಮೇಲಿರುತ್ತದೆ. ಬರೀ ದನಿಯಲ್ಲಿ ಹಾಡಿದಾಗ ಅದು ಚೂರು ಇಳಿದು, ಬಂದು ಕೂರುತ್ತದೆ. ಎದೆಯಲ್ಲಿ ಗುಂಯ್ ಅನ್ನುತ್ತದೆ. ಆಮೇಲೆ ಬಾಯಿ ತೆರೆಯುವ ರೀತಿ. ಅಣ್ಣ ತಂಗಿ ಇಬ್ಬರ 'ಆ' ಒಂದೇ ಅಚ್ಚಿನದು, ನನ್ನದು ಬೇರೆ. ಮೂವರೂ ಮುಖ ನೋಡುತ್ತಾ ನಿಂತು 'ಆ' ಒಂದನ್ನೇ ತಿದ್ದಿಕೊಂಡೆವು.

ಹೋದ ಬೇಸಿಗೆಯಲ್ಲಿ ರೈನ್ ನದಿಯ ಮೇಲಿನ ಹಳೆ ಸೇತುವೆಯ ಹತ್ತಿರ ಹಾಡಿದೆವು. ಮೈಕ್ ಇಲ್ಲ. ಪಲ್ಲವಿಯ ನಡುವೆ ಟ್ರ್ಯಾಮ್ ಬಂತು. ಪಕ್ಕದವರ ದನಿಯೂ ಕೇಳಿಸಲಿಲ್ಲ. ನಾನು ಕಣ್ಣು ಮುಚ್ಚಿ 'ಗ' ಹಿಡಿದೆ. ಟ್ರ್ಯಾಮ್ ದಾಟಿತು. ಮೂರೂ ಸ್ವರ ಅಲ್ಲೇ ಇದ್ದವು.