ಎರೆ ಹೊಲದ ಮಣ್ಣಿನಿಂದ ಸ್ಟ್ರೆಪ್ಟೊಮೈಸಿಸ್ ಬೇರ್ಪಡಿಸುವುದು ಹೇಗೆ?

ಗದಗ, ಅಣ್ಣಿಗೇರಿ, ನವಲಗುಂದ ಕಡೆಯ ಎರೆ ಹೊಲಗಳಲ್ಲಿ ಪ್ರತಿಜೀವಕ (ಆಂಟಿಬಯಾಟಿಕ್) ತಯಾರಿಸುವ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಹುಡುಕಿ ಅಲೆಯಬೇಕಿಲ್ಲ. ಸುಣ್ಣದಂಶವಿರುವ, ತುಸು ಕ್ಷಾರದ ಮಣ್ಣು ಅದಕ್ಕೆ ಚೆನ್ನಾಗಿ ಒಗ್ಗುತ್ತದೆ. ತೊಡಕು ಇರುವುದು ಅದರ ನಿಧಾನದಲ್ಲಿ. ಅದು ತಲೆ ಎತ್ತುವಷ್ಟರಲ್ಲಿ ಬೇರೆ ಬ್ಯಾಕ್ಟೀರಿಯಾ, ಬೂಸ್ಟು ಸೇರಿ ಪೆಟ್ರಿ ತಟ್ಟೆ ತುಂಬಿರುತ್ತವೆ. ಹಾಗಾಗಿ ಮುಂದಿನ ಹಂತಗಳೆಲ್ಲ ಆ ಅವಸರದವರನ್ನು ತಡೆಯುವ ಉಪಾಯಗಳೇ. ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ, ಅಧ್ಯಾಪಕರ ಎದುರು ಮಾಡುವ ಕೆಲಸವಿದು, ಮನೆಯಲ್ಲಿ ಬೇಡ.

ಮಣ್ಣು: ಆಗಷ್ಟೇ ಗೊಬ್ಬರ ಹಾಕಿದ ಹೊಲ ಬಿಡಿ. ಕಡಲೆ ಅಥವಾ ಜೋಳದ ಬೇರಿನ ಸುತ್ತ, ನಾಲ್ಕೈದು ಇಂಚು ಆಳದ ಮಣ್ಣು ತೆಗೆದು, ಚೀಲದ ಮೇಲೆ ಊರು, ಬೆಳೆ, ದಿನಾಂಕ ಬರೆಯಿರಿ.

ಒಣಗಿಸುವುದು: ಇಡೀ ಪ್ರಯೋಗದ ಜೀವಾಳ ಇದು. ಮಣ್ಣನ್ನು ಕಾಗದದ ಮೇಲೆ ಹರಡಿ ನೆರಳಲ್ಲಿ ಒಂದು ವಾರ ಬಿಡಿ. ಹಸಿಯಲ್ಲೇ ಬದುಕುವ ಬಹಳಷ್ಟು ಬ್ಯಾಕ್ಟೀರಿಯಾ ಸಾಯುತ್ತವೆ, ಸ್ಟ್ರೆಪ್ಟೊಮೈಸಿಸ್‌ನ ಬೀಜಾಣು ಉಳಿಯುತ್ತದೆ. ಎರೆ ಹೆಂಟೆ ಕಲ್ಲಾಗುತ್ತದೆ. ಕುಟ್ಟಿ ಜರಡಿ ಹಿಡಿಯಿರಿ. 10 ಗ್ರಾಂ ಮಣ್ಣಿಗೆ 1 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿ, ಓವನ್‌ನಲ್ಲಿ 60 ಡಿಗ್ರಿಯಲ್ಲಿ ಒಂದು ತಾಸು ಇಡಿ. ಮಣ್ಣಲ್ಲಿ ತೇವ ಉಳಿದಿರಬಾರದು. ಈ ಬೀಜಾಣು ಒಣ ಶಾಖ ತಾಳಿದಷ್ಟು ಹಸಿ ಶಾಖ ತಾಳುವುದಿಲ್ಲ.

ತಟ್ಟೆಗೆ ಹಾಕುವುದು: 1 ಗ್ರಾಂ ಮಣ್ಣನ್ನು 9 ಮಿ.ಲೀ. ಕ್ರಿಮಿರಹಿತ ಉಪ್ಪುನೀರಿನಲ್ಲಿ ಕದಡಿ, ಹತ್ತು ಪಟ್ಟಿನಂತೆ ನಾಲ್ಕು ಸಲ ತೆಳುಗೊಳಿಸಿ. ಕೊನೆಯ ಎರಡು ನಳಿಕೆಗಳಿಂದ 0.1 ಮಿ.ಲೀ. ತೆಗೆದು ಸ್ಟಾರ್ಚ್ ಕೇಸಿನ್ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಗಟ್ಟಿ ಮಾಧ್ಯಮ) ಮೇಲೆ ಹರಡಿ. ಬೂಸ್ಟು ತಡೆಯಲು ಅಗರ್‌ಗೆ ಮೊದಲೇ ನಿಸ್ಟಾಟಿನ್ ಸೇರಿಸಿರಬೇಕು. ಆ ನಿಸ್ಟಾಟಿನ್ ಕೂಡ ಒಂದು ಸ್ಟ್ರೆಪ್ಟೊಮೈಸಿಸ್ ಜಾತಿಯದೇ ಕೊಡುಗೆ! ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಕೂಡ ಇದೇ ಕುಲದಿಂದ ಸಿಕ್ಕಿದ್ದು 1943ರಲ್ಲಿ, ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಸೆಲ್ಮನ್ ವಾಕ್ಸ್‌ಮನ್ ಪ್ರಯೋಗಾಲಯದಲ್ಲಿ. ಕೈಯಾರೆ ದುಡಿದವನು ವಿದ್ಯಾರ್ಥಿ ಆಲ್ಬರ್ಟ್ ಶಾಟ್ಸ್. 1952ರ ನೊಬೆಲ್ ಹೋದದ್ದು ಗುರುವಿಗೊಬ್ಬರಿಗೇ. ದನಗಳ ಉಣ್ಣೆಗೆ ಚುಚ್ಚುವ ಐವರ್ಮೆಕ್ಟಿನ್‌ನ ಮೂಲವೂ ಜಪಾನಿನ ಮಣ್ಣಲ್ಲಿ ಸಿಕ್ಕ ಇದೇ ಕುಲದ ಬ್ಯಾಕ್ಟೀರಿಯಾ.

ಕಾಯುವುದು: 28 ಡಿಗ್ರಿಯಲ್ಲಿ 7ರಿಂದ 14 ದಿನ. ಎರಡೇ ದಿನಕ್ಕೆ ಹೊಳೆಯುತ್ತ ಲೋಳೆಯಾಗಿ ಎದ್ದವು ನಿಮಗೆ ಬೇಕಾದವಲ್ಲ. ವಿಭೂತಿ ಉದುರಿಸಿದಂತೆ ಪುಡಿಪುಡಿಯಾಗಿ, ತಂತಿಯ ಲೂಪ್‌ನಿಂದ ಕೆದಕಿದರೂ ಸುಲಭಕ್ಕೆ ಏಳದೆ ಅಗರ್‌ಗೆ ಕಚ್ಚಿಕೊಂಡವನ್ನು ಆರಿಸಿ. ಮೊದಲ ಮಳೆಯ ಮಣ್ಣಿನ ವಾಸನೆ ಬರಿಸುವ ಜಿಯೋಸ್ಮಿನ್ ಅವುಗಳದೇ ಆದರೂ ಮುಚ್ಚಳ ತೆಗೆದು ಮೂಸಬೇಡಿ.

ಪರೀಕ್ಷೆ: ಹೊಸ ತಟ್ಟೆಯ ನಡುವೆ ನೀವು ಆರಿಸಿದ ಬ್ಯಾಕ್ಟೀರಿಯಾದ ಒಂದು ಗೆರೆ ಎಳೆದು ಐದಾರು ದಿನ ಬೆಳೆಸಿ. ಆಮೇಲೆ ಅಂಚಿನಿಂದ ಆ ಗೆರೆಯತ್ತ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬೇರೊಂದು ಬ್ಯಾಕ್ಟೀರಿಯಾ ಎಳೆಯಿರಿ. ಮರುದಿನ ಗೆರೆಯ ಹತ್ತಿರ ಅದು ಬೆಳೆಯದೆ ಜಾಗ ಖಾಲಿ ಬಿಟ್ಟಿದ್ದರೆ ಪ್ರತಿಜೀವಕ ಹೊರಬಂದಿದೆ ಎನ್ನಬಹುದು. ಹೊಸ ಔಷಧ ಸಿಕ್ಕಿತೆಂದು ಹಿಗ್ಗಬೇಡಿ. ಹೆಚ್ಚಿನ ಸಲ ಸಿಗುವುದು ಈಗಾಗಲೇ ಗೊತ್ತಿರುವ ಸಂಯುಕ್ತವೇ. ಅದನ್ನು ಗಾಯಕ್ಕೆ ಹಚ್ಚುವ ಸಾಹಸವಂತೂ ಸಲ್ಲದು.

ಒಳ್ಳೆಯ ಫಲ ಕೊಟ್ಟಿದ್ದನ್ನು 20% ಗ್ಲಿಸರಾಲ್‌ನಲ್ಲಿ ಮೈನಸ್ 20 ಡಿಗ್ರಿಯಲ್ಲಿ ಇಡಿ. ಚೀಲದ ಮೇಲೆ ಬರೆದ ವಿವರವನ್ನು ಶೀಷೆಯ ಮೇಲೂ ಬರೆಯಿರಿ. ಉಳಿದ ತಟ್ಟೆಗಳನ್ನು 121 ಡಿಗ್ರಿಯಲ್ಲಿ ಆಟೊಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಬೇಯಿಸಿದ) ಮೇಲಷ್ಟೇ ಬಿಸಾಡಬೇಕು.