ವಿಪಿಎನ್ ಲಾಗಿನ್ ಆಗುತ್ತಿಲ್ಲವೇ? ಪಾಸ್‌ವರ್ಡ್ ರೀಸೆಟ್ ಮಾಡುವ ಮುನ್ನ ಸರ್ವರ್ ಲಾಗ್ ಓದಿ

ಬೆಂಗಳೂರಿನ ಕಂಪನಿಗಳಿಗೆ ಹಾಸನ, ಸಾಗರ, ಹುಬ್ಬಳ್ಳಿಯ ಮನೆಗಳಿಂದಲೇ ಕೆಲಸ ಮಾಡುವವರ ದಿನ ಶುರುವಾಗುವುದು ವಿಪಿಎನ್ (ಇಂಟರ್ನೆಟ್ ಮೂಲಕ ಕಚೇರಿಯ ಜಾಲ ಸೇರುವ ಸುರಕ್ಷಿತ ದಾರಿ) ಲಾಗಿನ್‌ನಿಂದ. ಅದು ಕೈಕೊಟ್ಟಾಗ ಐಟಿ ಸಹಾಯವಾಣಿಗೆ ಕರೆ ಹೋಗುತ್ತದೆ, ಅಲ್ಲಿದ್ದವರು ಸಾಮಾನ್ಯವಾಗಿ ಮೊದಲು ಮಾಡುವುದು ಪಾಸ್‌ವರ್ಡ್ ರೀಸೆಟ್. ಪಾಸ್‌ವರ್ಡ್ ಮರೆತವರಿಗೆ ಇದು ಸರಿಯಾದ ಪರಿಹಾರವೇ. ಆದರೆ ಕಾರಣ ಬೇರೆ ಇದ್ದಾಗ ಮಾಡಿದ ರೀಸೆಟ್, ಇದ್ದ ಒಂದು ತೊಂದರೆಗೆ ಇನ್ನೊಂದನ್ನು ಸೇರಿಸುತ್ತದೆ. ಅದರಲ್ಲೂ ಕಚೇರಿಯಿಂದ ನೂರಾರು ಕಿಲೋಮೀಟರ್ ದೂರದಲ್ಲಿರುವ ಲ್ಯಾಪ್‌ಟಾಪ್‌ನ ವಿಷಯದಲ್ಲಿ ಇದು ಬಹಳ ತಲೆನೋವು ತರುತ್ತದೆ. ಆಕ್ಟಿವ್ ಡೈರೆಕ್ಟರಿ (ಬಳಕೆದಾರರ ಖಾತೆಗಳನ್ನು ಇಡುವ ಮೈಕ್ರೋಸಾಫ್ಟ್ ವ್ಯವಸ್ಥೆ) ಮತ್ತು ರೇಡಿಯಸ್ (ಲಾಗಿನ್ ಕೋರಿಕೆಗೆ ಹೌದು ಅಥವಾ ಇಲ್ಲ ಎನ್ನುವ ಸರ್ವರ್) ಬಳಸುವ, ನಮ್ಮಲ್ಲಿ ಬಹಳ ಕಡೆ ಕಾಣಸಿಗುವ ವ್ಯವಸ್ಥೆಯನ್ನು ಮುಂದಿಟ್ಟುಕೊಂಡು, ದೃಢೀಕರಣ ಎಲ್ಲಿ ತಪ್ಪುತ್ತಿದೆ ಎಂಬುದನ್ನು ಹಂತ ಹಂತವಾಗಿ ಪತ್ತೆ ಮಾಡುವ ಬಗೆ ಇಲ್ಲಿದೆ.

ಲಾಗಿನ್ ಎಂಬುದು ನೋಡುವವರಿಗೆ ಒಂದೇ ಕೆಲಸವಾಗಿ ಕಂಡರೂ ಒಳಗೆ ಹಲವು ಕೈ ದಾಟುತ್ತದೆ. ಬಳಕೆದಾರರು ಕೊಟ್ಟ ಹೆಸರು ಮತ್ತು ಪಾಸ್‌ವರ್ಡನ್ನು ಕಚೇರಿ ಜಾಲದ ಬಾಗಿಲಾದ ವಿಪಿಎನ್ ಗೇಟ್‌ವೇ ತಾನೇ ಪರೀಕ್ಷಿಸದೆ ರೇಡಿಯಸ್ ಸರ್ವರ್‌ಗೆ ಕಳುಹಿಸುತ್ತದೆ, ಅದು ಆಕ್ಟಿವ್ ಡೈರೆಕ್ಟರಿಯನ್ನು ಕೇಳುತ್ತದೆ, ಅಲ್ಲಿ ಒಪ್ಪಿಗೆ ಸಿಕ್ಕ ಮೇಲೆ ಮೊಬೈಲ್‌ನ ಎರಡನೇ ಪರಿಶೀಲನೆ ನಡೆಯುತ್ತದೆ. ಇವುಗಳಲ್ಲಿ ಯಾರು ಬೇಡವೆಂದರೂ ಬಳಕೆದಾರರ ಪರದೆಯ ಮೇಲೆ ಬರುವುದು ‘ಲಾಗಿನ್ ವಿಫಲ’ ಎಂಬ ಒಂದೇ ಸಾಲು. ಆದ್ದರಿಂದ ನಮ್ಮ ಕೆಲಸವೆಲ್ಲ, ಬೇಡವೆಂದವರು ಯಾರು ಎಂದು ಗುರುತಿಸುವುದು.

ಕೋರಿಕೆ ಸರ್ವರ್‌ವರೆಗೆ ತಲುಪಿದೆಯೇ?

ಕರೆ ಮಾಡಿದವರನ್ನು ಮೊದಲು ಕೇಳಬೇಕಾದದ್ದು ಪರದೆಯಲ್ಲಿ ಕಾಣುವ ದೋಷಸಂಖ್ಯೆಯನ್ನು. ವಿಂಡೋಸ್‌ನ ಸ್ವಂತ ವಿಪಿಎನ್‌ನಲ್ಲಿ 809 ಬಂದರೆ ಅದು ದೃಢೀಕರಣದ ಸಮಸ್ಯೆಯೇ ಅಲ್ಲ. ಸಂಪರ್ಕವೇ ಏರ್ಪಟ್ಟಿಲ್ಲ, ಬಹುಮಟ್ಟಿಗೆ ನಡುವಿನ ಯಾವುದೋ ರೌಟರ್ ಅಥವಾ ಫೈರ್‌ವಾಲ್ ವಿಪಿಎನ್ ಸಂದೇಶಗಳು ಸಾಗುವ ಯುಡಿಪಿ 500 ಮತ್ತು 4500 ಪೋರ್ಟ್‌ಗಳನ್ನು ತಡೆದಿದೆ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ಒಮ್ಮೆ ಪ್ರಯತ್ನಿಸಲು ಹೇಳಿದರೆ ಇದು ಬೇಗ ಬಯಲಾಗುತ್ತದೆ. ಹೋಟೆಲು, ವಿಮಾನ ನಿಲ್ದಾಣಗಳ ವೈಫೈನಲ್ಲಿ ಬ್ರೌಸರ್ ತೆರೆದು ಅವರ ಲಾಗಿನ್ ಪುಟ ದಾಟುವವರೆಗೆ ಯಾವ ವಿಪಿಎನ್ನೂ ಕೆಲಸ ಮಾಡುವುದಿಲ್ಲ. 691 ಬಂದರೆ ಕೋರಿಕೆ ತಲುಪಿದೆ, ಆದರೆ ಹೆಸರು ಅಥವಾ ಪಾಸ್‌ವರ್ಡ್ ಹೊಂದಿಲ್ಲ, ಇಲ್ಲವೇ ದೃಢೀಕರಣದ ವಿಧಾನಕ್ಕೆ ಅನುಮತಿಯಿಲ್ಲ. 812 ಬಂದರೆ ಸರ್ವರ್‌ನ ನೀತಿಯೇ ಅಡ್ಡ ಬಂದಿದೆ. 13801 ಬಂದರೆ ನೇರವಾಗಿ ಸರ್ಟಿಫಿಕೇಟ್ (ಸರ್ವರ್ ಅಥವಾ ಬಳಕೆದಾರರ ಡಿಜಿಟಲ್ ಗುರುತಿನ ಪತ್ರ) ಕಡೆಗೆ ತಿರುಗಬಹುದು.

ಎರಡನೇ ಪ್ರಶ್ನೆ ಇದಕ್ಕಿಂತಲೂ ಮುಖ್ಯ: ತೊಂದರೆ ಒಬ್ಬರಿಗೋ ಎಲ್ಲರಿಗೋ? ಒಬ್ಬರಿಗಾದರೆ ಖಾತೆ, ಮೊಬೈಲ್ ಅಥವಾ ಲ್ಯಾಪ್‌ಟಾಪ್‌ನಲ್ಲಿ ಹುಡುಕಬೇಕು. ಬೆಳಗ್ಗೆ ಹತ್ತಾರು ಮಂದಿ ಒಟ್ಟಿಗೆ ಕರೆ ಮಾಡುತ್ತಿದ್ದರೆ ಯಾರ ಪಾಸ್‌ವರ್ಡನ್ನೂ ಮುಟ್ಟಬೇಡಿ. ಗೇಟ್‌ವೇ ಮತ್ತು ರೇಡಿಯಸ್ ಸರ್ವರ್ ಒಂದನ್ನೊಂದು ನಂಬಲು ಬಳಸುವ ಗುಪ್ತಪದ, ಅವಧಿ ಮುಗಿದ ಸರ್ಟಿಫಿಕೇಟ್ ಅಥವಾ ಹಿಂದಿನ ರಾತ್ರಿಯ ಅಪ್‌ಡೇಟ್ ಕಡೆ ನೋಡಿ.

ಸರ್ವರ್ ಏನು ಬರೆದಿಟ್ಟಿದೆ?

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು, ಆದರೂ ಅವಸರದಲ್ಲಿ ಬಿಟ್ಟುಹೋಗುವುದೂ ಇದೇ. ಮೈಕ್ರೋಸಾಫ್ಟ್‌ನ ನೆಟ್‌ವರ್ಕ್ ಪಾಲಿಸಿ ಸರ್ವರನ್ನು ರೇಡಿಯಸ್ ಆಗಿ ಬಳಸುತ್ತಿದ್ದರೆ, ಅದರ ಇವೆಂಟ್ ವ್ಯೂವರ್‌ನ ಸೆಕ್ಯುರಿಟಿ ಲಾಗ್‌ನಲ್ಲಿ 6272 ಎಂದರೆ ಅನುಮತಿ, 6273 ಎಂದರೆ ನಿರಾಕರಣೆ. 6273 ತೆರೆದು ಕೆಳಗಡೆಗೆ ಹೋದರೆ ಕಾರಣದ ಸಂಖ್ಯೆ ಇರುತ್ತದೆ. 16 ಎಂದಿದ್ದರೆ ಆ ಹೆಸರಿನ ಖಾತೆ ಇಲ್ಲ ಅಥವಾ ಪಾಸ್‌ವರ್ಡ್ ತಪ್ಪು. 48 ಎಂದಿದ್ದರೆ ಆ ಕೋರಿಕೆಗೆ ಹೊಂದುವ ನೀತಿ ಸಿಕ್ಕಿಲ್ಲ. ಬಳಕೆದಾರರನ್ನು ವಿಪಿಎನ್ ಗುಂಪಿಗೆ ಸೇರಿಸಲು ಯಾರೋ ಮರೆತಿದ್ದಾರೆ, ಹೊಸದಾಗಿ ಸೇರಿದವರ ಮತ್ತು ವಿಭಾಗ ಬದಲಿಸಿದವರ ವಿಷಯದಲ್ಲಿ ಇದು ಪದೇ ಪದೇ ಆಗುತ್ತದೆ. 65 ಎಂದಿದ್ದರೆ ಖಾತೆಯ ಡಯಲ್‌-ಇನ್ ವಿಭಾಗದಲ್ಲೇ ಪ್ರವೇಶ ನಿರಾಕರಿಸಲಾಗಿದೆ. 66 ಎಂದಿದ್ದರೆ ಲ್ಯಾಪ್‌ಟಾಪ್ ಬಳಸಿದ ದೃಢೀಕರಣ ವಿಧಾನಕ್ಕೆ ನೀತಿಯಲ್ಲಿ ಅನುಮತಿಯಿಲ್ಲ. ಈ ನಾಲ್ಕರಲ್ಲಿ ಪಾಸ್‌ವರ್ಡಿಗೆ ಸಂಬಂಧಪಟ್ಟದ್ದು ಒಂದೇ ಎಂಬುದನ್ನು ಗಮನಿಸಿ. ಉಳಿದ ಮೂರರಲ್ಲಿ ಎಷ್ಟು ಸಲ ರೀಸೆಟ್ ಮಾಡಿದರೂ ಬಾಗಿಲು ತೆರೆಯುವುದಿಲ್ಲ.

16 ಬಂದಾಗಲೂ ಅದೇ ದಾಖಲೆಯಲ್ಲಿ ಬಳಕೆದಾರರ ಹೆಸರು ಹೇಗೆ ಬಂದಿದೆ ಎಂದು ಅಕ್ಷರ ಅಕ್ಷರ ನೋಡಿ. ಇಮೇಲ್ ರೂಪದಲ್ಲಿ ಬರೆಯಬೇಕಾದ ಕಡೆ ಚಿಕ್ಕ ಹೆಸರು, ಹೆಸರಿನ ಹಿಂದೆ ಹಳೆಯ ಡೊಮೇನ್ (ಕಂಪನಿಯ ಜಾಲದ ಹೆಸರು), ಕೊನೆಯಲ್ಲೊಂದು ಖಾಲಿ ಜಾಗ, ಇಂಥವು ಅಲ್ಲಿ ಸಿಗುತ್ತವೆ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಸಾಧ್ಯತೆಯಿದೆ: ಕೀಲಿಮಣೆ ಕನ್ನಡಕ್ಕೆ ಹೊರಳಿಯೇ ಉಳಿದಿದ್ದರೆ, ಚುಕ್ಕಿಗಳಷ್ಟೇ ಕಾಣುವ ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಅದು ಗೊತ್ತಾಗುವುದಿಲ್ಲ.

ರೇಡಿಯಸ್ ಸರ್ವರ್‌ನಲ್ಲಿ ಆ ಹೊತ್ತಿನ ದಾಖಲೆಯೇ ಇಲ್ಲದಿದ್ದರೆ ಅದೂ ಒಂದು ಸುಳಿವು. ಗೇಟ್‌ವೇಯಿಂದ ಯುಡಿಪಿ 1812 ಪೋರ್ಟಿಗೆ ದಾರಿ ಇದೆಯೇ, ಎರಡೂ ಕಡೆಯ ಗುಪ್ತಪದ ಒಂದೇ ಆಗಿದೆಯೇ ಎಂದು ನೋಡಿ. 2024ರ ಜುಲೈನಲ್ಲಿ ಬ್ಲಾಸ್ಟ್‌-ರೇಡಿಯಸ್ ಎಂಬ ದೋಷ ಬಹಿರಂಗವಾದ ಬಳಿಕ, ‘ಮೆಸೇಜ್‌-ಅಥೆಂಟಿಕೇಟರ್’ ಎಂಬ ಗುರುತಿಲ್ಲದ ಸಂದೇಶಗಳನ್ನು ತಿರಸ್ಕರಿಸುವ ವ್ಯವಸ್ಥೆಯನ್ನು ತಯಾರಕರು ತಂದಿದ್ದಾರೆ. ಗೇಟ್‌ವೇ ಮತ್ತು ಸರ್ವರ್‌ಗಳಲ್ಲಿ ಒಂದನ್ನು ಮಾತ್ರ ಅಪ್‌ಡೇಟ್ ಮಾಡಿದ್ದರೆ ಸಂದೇಶಗಳು ಸದ್ದಿಲ್ಲದೆ ಬಿದ್ದುಹೋಗಬಹುದು, ಬಳಕೆದಾರರಿಗೆ ಕಾಣುವುದು ಬರೀ ಸಮಯ ಮೀರಿತೆಂಬ ಸಂದೇಶ.

ಖಾತೆ ಮತ್ತೆ ಮತ್ತೆ ಲಾಕ್ ಆಗುತ್ತಿದ್ದರೆ

ಲಾಕ್ ತೆಗೆದ ಹತ್ತೇ ನಿಮಿಷಕ್ಕೆ ಖಾತೆ ಪುನಃ ಲಾಕ್ ಆಗುತ್ತಿದ್ದರೆ, ಹಳೆಯ ಪಾಸ್‌ವರ್ಡನ್ನು ಯಾವುದೋ ಉಪಕರಣ ಇನ್ನೂ ಒಪ್ಪಿಸುತ್ತಿದೆ ಎಂದು ತಿಳಿಯಿರಿ. ಬಳಕೆದಾರರ ಮೊಬೈಲ್‌ನ ಮೇಲ್ ಆ್ಯಪ್, ಕಚೇರಿಯಲ್ಲೇ ಬಿಟ್ಟುಬಂದ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದೇ ಉಳಿದ ರಿಮೋಟ್ ಸೆಷನ್, ವಿಪಿಎನ್ ಆ್ಯಪಿನಲ್ಲೇ ಉಳಿಸಿಟ್ಟ ಪಾಸ್‌ವರ್ಡ್ ಮೊದಲ ಅನುಮಾನಿತರು. ಆಕ್ಟಿವ್ ಡೈರೆಕ್ಟರಿಯನ್ನು ನಡೆಸುವ ಡೊಮೇನ್ ಕಂಟ್ರೋಲರ್‌ಗಳಲ್ಲಿ, ಲಾಕ್‌ಗಳ ಮಾಹಿತಿ ಬಂದು ಸೇರುವ ಪಿಡಿಸಿ ಎಮ್ಯುಲೇಟರ್ ಪಾತ್ರ ವಹಿಸುವ ಸರ್ವರ್‌ನಲ್ಲಿ 4740 ಎಂಬ ದಾಖಲೆ ಹುಡುಕಿದರೆ ಲಾಕ್‌ಗೆ ಕಾರಣವಾದ ಯಂತ್ರದ ಹೆಸರು ಸಿಗುತ್ತದೆ. ಅಲ್ಲಿರುವುದು ವಿಪಿಎನ್‌ನ ರೇಡಿಯಸ್ ಸರ್ವರ್‌ನ ಹೆಸರೇ ಆಗಿದ್ದರೆ, ಹೊರಗಿನಿಂದ ಯಾರಾದರೂ ಪಾಸ್‌ವರ್ಡ್ ಊಹಿಸುತ್ತಿದ್ದಾರೆಯೇ ಎಂದು ಗೇಟ್‌ವೇ ಲಾಗ್‌ನಲ್ಲಿರುವ ಐಪಿ ವಿಳಾಸಗಳನ್ನು ನೋಡಲೇಬೇಕು.

ದೂರದ ಲ್ಯಾಪ್‌ಟಾಪ್ ಮತ್ತು ಹೊಸ ಪಾಸ್‌ವರ್ಡ್

ನಿಜವಾಗಿಯೂ ರೀಸೆಟ್ ಬೇಕಾದಾಗ ಅದನ್ನು ಮಾಡುವ ಕ್ರಮವಿದೆ. ಮನೆಯಲ್ಲಿರುವ ಲ್ಯಾಪ್‌ಟಾಪ್‌ಗೆ ಡೊಮೇನ್ ಸಂಪರ್ಕ ಇಲ್ಲದ ಕಾರಣ, ಅದು ತನ್ನಲ್ಲೇ ಉಳಿಸಿಕೊಂಡ ಹಳೆಯ ಪಾಸ್‌ವರ್ಡಿನಿಂದಷ್ಟೇ ತೆರೆದುಕೊಳ್ಳುತ್ತದೆ. ವಿಪಿಎನ್ ಮಾತ್ರ ಹೊಸದನ್ನು ಕೇಳುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಬಳಕೆದಾರರು ಎರಡನ್ನೂ ಅದಲುಬದಲು ಹಾಕಿ ಖಾತೆಯನ್ನು ಲಾಕ್ ಮಾಡಿಕೊಳ್ಳುತ್ತಾರೆ. ಹಳೆಯದರಿಂದ ಲ್ಯಾಪ್‌ಟಾಪ್ ತೆರೆದು, ಹೊಸದರಿಂದ ವಿಪಿಎನ್ ಸೇರಿ, ಸಂಪರ್ಕ ಕಡಿಯದೆ ವಿಂಡೋಸ್ ಕೀಲಿ ಮತ್ತು ಎಲ್ ಒತ್ತಿ ಪರದೆ ಲಾಕ್ ಮಾಡಿ, ಹೊಸ ಪಾಸ್‌ವರ್ಡಿನಿಂದ ಬಿಡಿಸಲು ಹೇಳಿ. ಆಗ ಒಳಗೆ ಉಳಿದಿದ್ದ ಹಳೆಯದು ಅಳಿದು ಹೊಸದು ಕೂರುತ್ತದೆ. ‘ಮುಂದಿನ ಲಾಗಿನ್‌ನಲ್ಲಿ ಪಾಸ್‌ವರ್ಡ್ ಬದಲಿಸಬೇಕು’ ಎಂಬ ಗುರುತನ್ನು ಹಾಕುವ ಮುನ್ನ ಯೋಚಿಸಿ. ವಿಪಿಎನ್‌ನಲ್ಲಿ ಪಾಸ್‌ವರ್ಡ್ ಬದಲಿಸುವ ಸೌಲಭ್ಯವಿಲ್ಲದಿದ್ದರೆ ಆ ಗುರುತಿನಿಂದಲೇ ಬಳಕೆದಾರರು ಹೊರಗೆ ಉಳಿಯುತ್ತಾರೆ.

ಒಟಿಪಿ, ಗಡಿಯಾರ ಮತ್ತು ಕಾಯುವ ಅವಧಿ

ಪಾಸ್‌ವರ್ಡ್ ಒಪ್ಪಿಗೆಯಾಗಿ ಒಟಿಪಿ ಮಾತ್ರ ತಿರಸ್ಕೃತವಾಗುತ್ತಿದ್ದರೆ ಮೊಬೈಲ್‌ನ ಗಡಿಯಾರ ನೋಡಿ. ಆ್ಯಪ್ ತೋರಿಸುವ ಆರಂಕಿಯ ಸಂಖ್ಯೆ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ ಮತ್ತು ಅದರ ಲೆಕ್ಕ ನಿಂತಿರುವುದು ಸಮಯದ ಮೇಲೆ, ಆದ್ದರಿಂದ ಗಡಿಯಾರ ಎರಡು ಮೂರು ನಿಮಿಷ ಹಿಂದುಮುಂದಾದರೂ ಸಂಖ್ಯೆ ಹೊಂದುವುದಿಲ್ಲ. ದಿನಾಂಕ ಮತ್ತು ಸಮಯವನ್ನು ಸ್ವಯಂಚಾಲಿತಕ್ಕೆ ಬದಲಿಸಿದರೆ ಸಾಕು. ಸರ್ವರ್‌ಗಳ ಗಡಿಯಾರವೂ ಅಷ್ಟೇ ಮುಖ್ಯ: ಆಕ್ಟಿವ್ ಡೈರೆಕ್ಟರಿ ಬಳಸುವ ದೃಢೀಕರಣ ವಿಧಾನವಾದ ಕರ್ಬೆರೋಸ್ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸ ಸಹಿಸುವುದಿಲ್ಲ. ನಮ್ಮ ದೇಶದಲ್ಲಿ ಇದು ಕಾನೂನಿನ ವಿಷಯವೂ ಹೌದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್ ಹೊರಡಿಸಿದ 2022ರ ಏಪ್ರಿಲ್ 28ರ ನಿರ್ದೇಶನವು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ (ಎನ್‌ಪಿಎಲ್) ಸಮಯ ಸರ್ವರ್‌ಗಳಿಗೆ ಗಡಿಯಾರ ಹೊಂದಿಸಿಕೊಳ್ಳುವಂತೆ ಮತ್ತು ಲಾಗ್‌ಗಳನ್ನು 180 ದಿನ ಕಾಪಾಡುವಂತೆ ಹೇಳಿದೆ.

ಮೊಬೈಲ್‌ಗೆ ಬರುವ ‘ಅನುಮತಿಸಿ’ ಎಂಬ ಸೂಚನೆಯನ್ನು ಒತ್ತುವ ಮೊದಲೇ ಸಂಪರ್ಕ ಬಿದ್ದುಹೋಗುತ್ತಿದ್ದರೆ ಗೇಟ್‌ವೇಯಲ್ಲಿ ರೇಡಿಯಸ್‌ಗಾಗಿ ಕಾಯುವ ಅವಧಿ ತೀರಾ ಕಡಿಮೆ ಇದೆ. ಐದು ಸೆಕೆಂಡಿನಲ್ಲಿ ಮೊಬೈಲ್ ತೆಗೆದು, ಬೀಗ ಬಿಡಿಸಿ, ಗುಂಡಿ ಒತ್ತಲು ಯಾರಿಗೂ ಆಗದು. 60 ಸೆಕೆಂಡ್ ಇಡುವುದು ಲೇಸು. ಹೊಸ ಮೊಬೈಲ್ ಕೊಂಡು ಆ್ಯಪನ್ನು ವರ್ಗಾಯಿಸದವರಿಗೆ ಮರುನೋಂದಣಿ ಬೇಕು, ಹೊರದೇಶದಲ್ಲಿ ರೋಮಿಂಗ್ ಇಲ್ಲದೆ ಎಸ್‌ಎಂಎಸ್ ಒಟಿಪಿ ಕಾಯುತ್ತಿರುವವರಿಗೆ ಆ್ಯಪ್ ಕೊಡಬೇಕು.

ಸರ್ಟಿಫಿಕೇಟ್ ಇದ್ದರೆ

ಮೊದಲು ಸರ್ವರ್‌ನ ಸರ್ಟಿಫಿಕೇಟಿನ ಅವಧಿ ನೋಡಿ, ನಂತರ ಅದರಲ್ಲಿರುವ ಹೆಸರು ಬಳಕೆದಾರರು ಸಂಪರ್ಕಿಸುವ ವಿಳಾಸದೊಂದಿಗೆ ಹೊಂದುತ್ತದೆಯೇ ನೋಡಿ, ಆಮೇಲೆ ಅದನ್ನು ಕೊಟ್ಟ ಸಂಸ್ಥೆಯ ಮೂಲ ಸರ್ಟಿಫಿಕೇಟ್ ಲ್ಯಾಪ್‌ಟಾಪ್‌ನಲ್ಲಿದೆಯೇ ನೋಡಿ. ಬಳಕೆದಾರರಿಗೆ ಕೊಟ್ಟ ಸರ್ಟಿಫಿಕೇಟ್ 2025ರಲ್ಲಿ ಇದ್ದಕ್ಕಿದ್ದಂತೆ ತಿರಸ್ಕೃತವಾಗತೊಡಗಿದ್ದರೆ, ಆ ವರ್ಷದ ಫೆಬ್ರವರಿಯಿಂದ ಮೈಕ್ರೋಸಾಫ್ಟ್ ಡೊಮೇನ್ ಕಂಟ್ರೋಲರ್‌ಗಳಲ್ಲಿ ಬಿಗಿಗೊಳಿಸಿದ ನಿಯಮ ಕಾರಣವಿರಬಹುದು. ಸರ್ಟಿಫಿಕೇಟನ್ನು ಖಾತೆಗೆ ಗಟ್ಟಿಯಾಗಿ ಬೆಸೆಯುವ ಗುರುತು ಅದರಲ್ಲಿಲ್ಲದಿದ್ದರೆ ಹೊಸದನ್ನು ಹಂಚಬೇಕಾಗುತ್ತದೆ.

ಪರಿಶೀಲನೆಗೆಂದು ಯಾರ ಪಾಸ್‌ವರ್ಡನ್ನೂ ಫೋನಿನಲ್ಲಿ ಕೇಳಬೇಡಿ, ಎರಡನೇ ಪರಿಶೀಲನೆಯಿಂದ ಯಾರಿಗೂ ವಿನಾಯಿತಿ ಕೊಟ್ಟು ಮರೆಯಬೇಡಿ. 2021ರ ಮೇ ತಿಂಗಳಲ್ಲಿ ಅಮೆರಿಕದ ಇಂಧನ ಸಾಗಣೆ ಕಂಪನಿ ಕಲೋನಿಯಲ್ ಪೈಪ್‌ಲೈನ್ ಮೇಲೆ ದಾಳಿ ಮಾಡಿದವರು ಒಳನುಗ್ಗಿದ್ದು ಎರಡನೇ ಪರಿಶೀಲನೆಯಿಲ್ಲದ, ಬಳಕೆಯಲ್ಲಿಲ್ಲದ ಹಳೆಯ ವಿಪಿಎನ್ ಖಾತೆಯೊಂದರಿಂದ. ದೋಷ ಹುಡುಕುವಾಗ ಹಾಕಿದ ತಾತ್ಕಾಲಿಕ ವಿನಾಯಿತಿಗಳನ್ನು ದೂರಿನ ಟಿಕೆಟ್‌ನಲ್ಲೇ ಬರೆದಿಟ್ಟು, ಅದೇ ದಿನ ಸಂಜೆಯೊಳಗೆ ತೆಗೆದುಹಾಕಿ, ಆಮೇಲಷ್ಟೇ ಟಿಕೆಟ್ ಮುಚ್ಚಿ.