ಹೆಣ ಎಲ್ಲಿ ಬೀಳಬೇಕು? ಕಾದಂಬರಿಗೆ ಜಾಗ ಹುಡುಕಿದ ನನ್ನ ಅನುಭವ

ನನ್ನ ಪತ್ತೇದಾರಿ ಕಾದಂಬರಿಯಲ್ಲಿ ಯಾರು ಸಾಯುತ್ತಾರೆ, ಯಾಕೆ ಸಾಯುತ್ತಾರೆ, ಯಾರು ಕೊಲ್ಲುತ್ತಾರೆ ಅನ್ನೋದೆಲ್ಲ ಗೊತ್ತಾಗಿ ಎಂಟು ತಿಂಗಳಾಗಿತ್ತು. ಎಲ್ಲಿ ಅನ್ನೋದೊಂದೇ ಸಿಗುತ್ತಿರಲಿಲ್ಲ. ಸತ್ತವನು ಒಬ್ಬ ದಲಾಲಿ, ಕೊಂದವನು ಅವನಿಗೆ ಬೇಕಾದವನೇ. ಹೆಣ ಎಲ್ಲಿ ಬಿದ್ದರೂ ಹೆಣವೇ ಅಲ್ವಾ, ಜಾಗ ಆಮೇಲೆ ನೋಡಿದರಾಯಿತು ಅಂದುಕೊಂಡು ಬರೆಯುತ್ತಾ ಹೋಗಿದ್ದೆ. ಅದು ತಪ್ಪು ಅಂತ ಗೊತ್ತಾಗೋ ಹೊತ್ತಿಗೆ ಮೂರು ಊರು ಸುತ್ತಿ, ನಲವತ್ತು ಪುಟ ಹರಿದು ಹಾಕಿದ್ದೆ.

ಮೊದಲು ಮನಸ್ಸಿಗೆ ಬಂದದ್ದು ಗದಗ ಹತ್ತಿರದ ಲಕ್ಕುಂಡಿ. ಅಲ್ಲಿಯ ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿ ನೋಡಿದವರಿಗೆ ನಾನು ಯಾಕೆ ಮರುಳಾದೆ ಅಂತ ಬೇರೆ ಹೇಳಬೇಕಿಲ್ಲ. ಮೂರು ಕಡೆಯಿಂದ ಮೆಟ್ಟಿಲು, ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಯಂಥ ಗೂಡುಗಳು, ಕೆಳಗೆ ನೀರು. ಬೆಳಗಿನ ಮಂಜಿನಲ್ಲಿ ಆ ನೀರಿನ ಮೇಲೆ ಒಂದು ಹೆಣ ತೇಲಿದರೆ ಹೇಗಿರುತ್ತದೆ ಅಂತ ಎರಡು ಪುಟ ಬರೆದೂಬಿಟ್ಟೆ, ಚೆನ್ನಾಗಿಯೇ ಬಂದಿತ್ತು. ಆಮೇಲೆ ಎರಡನೇ ಸಲ ಹೋಗಿ ಇಡೀ ದಿನ ಕೂತೆ. ಬಾವಿಯನ್ನು ಪುರಾತತ್ವ ಇಲಾಖೆ ಕಾಯುತ್ತದೆ, ಬೇಲಿ ಇದೆ, ಸುತ್ತ ಊರಿನ ಮನೆಗಳಿವೆ, ನಾಯಿಗಳಿವೆ. ಇದನ್ನೆಲ್ಲ ಹೇಗಾದರೂ ದಾಟಿಸಬಹುದಿತ್ತು. ದಾಟಿಸಲಾಗದ ಪ್ರಶ್ನೆ ಬೇರೆ ಇತ್ತು. ನನ್ನ ದಲಾಲಿ ರಾತ್ರಿ ಹತ್ತು ಗಂಟೆಗೆ ಅಲ್ಲಿಗೆ ಯಾಕೆ ಬರುತ್ತಾನೆ? ಅವನ ಬದುಕಿಗೂ ಆ ಬಾವಿಗೂ ಏನು ಸಂಬಂಧ? ಏನೂ ಇರಲಿಲ್ಲ. ಬಾವಿ ಇಷ್ಟವಾಗಿದ್ದು ನನಗೆ, ಅವನಿಗಲ್ಲ. ಎರಡು ಪುಟ ಹೋಯಿತು.

ಆಮೇಲೆ ಹುಬ್ಬಳ್ಳಿ ರೈಲ್ವೆ ಸ್ಟೇಷನ್. 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ, ಜಗತ್ತಿನಲ್ಲೇ ಉದ್ದದ್ದು ಅಂತ ನಮ್ಮೂರವರಿಗೆಲ್ಲ ಹೆಮ್ಮೆ. ವಾಚ್ ನೋಡಿಕೊಂಡು ಈ ತುದಿಯಿಂದ ಆ ತುದಿಗೆ ನಡೆದೆ. ಮಾಮೂಲಿ ನಡಿಗೆಯಲ್ಲಿ ಹದಿನೆಂಟು ನಿಮಿಷ ಹಿಡಿಯಿತು. ಖುಷಿಯಾಯಿತು, ಯಾಕೆಂದರೆ ಕೊಲೆಗಾರ ಒಂದು ತುದಿಯಲ್ಲಿ ಚಹಾ ಕುಡಿದದ್ದಕ್ಕೆ ಸಾಕ್ಷಿ ಇದ್ದು, ಹೆಣ ಇನ್ನೊಂದು ತುದಿಯಲ್ಲಿದ್ದರೆ, ಆ ಹದಿನೆಂಟು ನಿಮಿಷದ ಮೇಲೆ ಇಡೀ ಕಥೆ ನಿಲ್ಲಿಸಬಹುದು. ಆದರೆ ಪೊಲೀಸ್ ಇಲಾಖೆಯಲ್ಲಿದ್ದು ನಿವೃತ್ತರಾದ ನಮ್ಮ ಓಣಿಯ ಹಿರಿಯರೊಬ್ಬರು ಕಥೆ ಕೇಳಿ ಒಂದೇ ಮಾತು ಹೇಳಿದರು: "ತಮ್ಮಾ, ಸ್ಟೇಷನ್ ಒಳಗ ಹೆಣಾ ಬಿದ್ರ ಅದು ರೈಲ್ವೆ ಪೊಲೀಸರ ಕೇಸು. ನಿನ್ನ ಇನ್ಸ್‌ಪೆಕ್ಟರ್ ಅಲ್ಲಿ ಏನ್ ಮಾಡ್ತಾಳ?"

ನನ್ನ ಇನ್ಸ್‌ಪೆಕ್ಟರ್ ಹುಬ್ಬಳ್ಳಿ-ಧಾರವಾಡ ಕಮಿಷನರೇಟಿನವಳು. ಇದು ನನಗೆ ಹೊಳೆದೇ ಇರಲಿಲ್ಲ. ಜಾಗ ಅಂದರೆ ಬರೀ ನೋಟ ಅಲ್ಲ, ಯಾವ ಠಾಣೆಯ ಹದ್ದು ಅನ್ನೋದೂ ಅದರಲ್ಲೇ ಇದೆ. ನಗರದೊಳಗಾದರೆ ಕಮಿಷನರ್, ಹಳ್ಳಿ ಕಡೆ ಹೊರಳಿದರೆ ಜಿಲ್ಲಾ ಎಸ್‌ಪಿ, ಹಳಿ ದಾಟಿದರೆ ರೈಲ್ವೆಯವರು. ಹೆಣ ನೂರು ಮೀಟರ್ ಆಚೆ ಬಿದ್ದರೆ ಕಥೆಯ ನಾಯಕಿಯೇ ಬದಲಾಗಬಹುದು. ಈ ಗಡಿ ಜಗಳವನ್ನೇ ಕಥೆ ಮಾಡಿಕೊಳ್ಳುವವರೂ ಇದ್ದಾರೆ, ಅದೂ ಸರಿಯೇ. ನನಗೆ ಅದು ಬೇಕಿರಲಿಲ್ಲ.

ಮಧ್ಯೆ ಅಣ್ಣಿಗೇರಿ ಕಡೆಯ ಎರಿ ಹೊಲವೊಂದನ್ನೂ, ಅಂದರೆ ಕಪ್ಪು ಮಣ್ಣಿನ ಹೊಲವೊಂದನ್ನೂ, ನೋಡಿ ಬಂದೆ. ಮಳೆಗಾಲದಲ್ಲಿ ಕಾಲಿಗೆ ಮೆತ್ತಿ ಬಿಡದ ಮಣ್ಣು, ಬೇಸಿಗೆಯಲ್ಲಿ ಮೊಬೈಲ್ ಜಾರಿ ಬಿದ್ದರೆ ಕೈಗೆ ಸಿಗದಷ್ಟು ಆಳದ ಬಿರುಕು. ತುಂಬಾ ಒಳ್ಳೆಯ ಜಾಗ. ಇನ್ನೊಂದು ಕಥೆಗೆ ಎತ್ತಿಟ್ಟಿದ್ದೇನೆ.

ಆಮೇಲೆ ಪ್ರಶ್ನೆಯನ್ನೇ ತಿರುಗಿಸಿ ಕೇಳಿದೆ. ಹೆಣಕ್ಕೆ ಯಾವ ಜಾಗ ಚೆಂದ ಅನ್ನೋದನ್ನು ಬಿಟ್ಟು, ಈ ದಲಾಲಿ ದಿನಾ ಎಲ್ಲಿರುತ್ತಾನೆ, ಅಲ್ಲಿಯ ಬೀಗದ ಕೈ ಯಾರ ಹತ್ತಿರ, ಯಾವ ಹೊತ್ತಿನಲ್ಲಿ ಯಾರು ಓಡಾಡಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ ಅಂತ ಕೇಳಿಕೊಂಡೆ. ದಲಾಲಿ ಅಂದಮೇಲೆ ಮಾರ್ಕೆಟ್. ನಮ್ಮ ಕಡೆ ದೊಡ್ಡ ಮಾರ್ಕೆಟ್ ಅಂದರೆ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್. ಉತ್ತರ ಇಷ್ಟು ಹತ್ತಿರದಲ್ಲಿತ್ತು.

ಬ್ಯಾಡಗಿಗೆ ಒಟ್ಟು ಐದು ಸಲ ಹೋದೆ. ಮೊದಲ ಸಲ ಹೋದಾಗಲೇ ಎರಡು ತಪ್ಪು ಸಿಕ್ಕಿದವು. ನನ್ನ ಕಥೆ ನಡೆಯುತ್ತಿದ್ದದ್ದು ಆಗಸ್ಟ್ ತಿಂಗಳಲ್ಲಿ, ಜೋರು ಮಳೆಯಲ್ಲಿ. ಹೊಸ ಕಾಯಿ ರಾಶಿ ರಾಶಿಯಾಗಿ ಬರೋದು ಜನವರಿಯಿಂದ ಬೇಸಿಗೆ ತನಕ. ಮಳೆಗಾಲದಲ್ಲಿ ನಾನು ಅಂದುಕೊಂಡ ಗದ್ದಲವೇ ಇರೋದಿಲ್ಲ. ಹಾಗಾಗಿ ಕಥೆಯನ್ನು ಫೆಬ್ರುವರಿಗೆ ತಂದೆ, ಕೆಸರಿನಲ್ಲಿ ಮೂಡಿದ್ದ ಹೆಜ್ಜೆ ಗುರುತುಗಳೆಲ್ಲ ಹೋದವು. ಎರಡನೇದು, ಬ್ಯಾಡಗಿ ಕಾಯಿ ಅಂದರೆ ಬಾಯಿ ಸುಡುವ ಖಾರ ಅಂತ ಬರೆದಿದ್ದೆ. ಮನೆಯಲ್ಲಿ ದಿನಾ ಅದೇ ಕಾಯಿ ಹಾಕಿದ ಸಾರು ಉಂಡೂ ಹಾಗೆ ಬರೆದಿದ್ದೆ! ಬ್ಯಾಡಗಿ ಕಾಯಿಗೆ ಹೆಸರು ಬಂದಿದ್ದು ಬಣ್ಣಕ್ಕೆ, ಖಾರ ಕಡಿಮೆ. ಸುಕ್ಕು ಸುಕ್ಕಾದ ಕಡುಗೆಂಪು ಕಾಯಿ. 2011ರಲ್ಲಿ ಜಿಐ ಟ್ಯಾಗ್ (ಒಂದು ಊರಿನ ವಿಶೇಷ ಮಾಲು ಅನ್ನೋ ಭೌಗೋಳಿಕ ಗುರುತು) ಸಿಕ್ಕಿದ್ದೂ ಅದಕ್ಕೇ. ಆದರೆ ಮಾರ್ಕೆಟ್ಟಿಗೆ ಬರೋದು ಅದೊಂದೇ ಅಲ್ಲ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಖಾರದ ಕಾಯಿಯೂ ಬರುತ್ತದೆ. ಎಲ್ಲ ಸೇರಿ ಗಾಳಿಯಲ್ಲಿ ಒಂದು ಘಾಟು ಇರುತ್ತದಲ್ಲ, ಅದು ಗೇಟು ದಾಟುವ ಮೊದಲೇ ಮೂಗಿಗೆ ಹತ್ತುತ್ತದೆ.

ಆ ದಿನ ನಾನು ಕರವಸ್ತ್ರ ಮುಖಕ್ಕೆ ಕಟ್ಟಿಕೊಂಡರೂ ಕೆಮ್ಮು ನಿಲ್ಲಲಿಲ್ಲ. ಪಕ್ಕದಲ್ಲಿ ವಯಸ್ಸಾದ ಹಮಾಲರೊಬ್ಬರು ಚೀಲ ಹೊಲಿಯುತ್ತಾ ಕೂತಿದ್ದರು. ದಬ್ಬಣಕ್ಕೆ ಸುತಳಿ ಪೋಣಿಸಿ, ಚೀಲದ ಬಾಯಿಯ ಒಂದು ಮೂಲೆಯನ್ನು ಕಿವಿಯ ಹಾಗೆ ಎತ್ತಿ ಕಟ್ಟಿ, ಅಲ್ಲಿಂದ ಉದ್ದುದ್ದ ಹೊಲಿಗೆ ಹಾಕುತ್ತಾ ಹೋಗಿ, ಇನ್ನೊಂದು ಮೂಲೆಯಲ್ಲಿ ಮತ್ತೊಂದು ಕಿವಿ. ಒಂದು ಚೀಲಕ್ಕೆ ಒಂದು ನಿಮಿಷವೂ ಹಿಡಿಯುತ್ತಿರಲಿಲ್ಲ. ಕಣ್ಣು ಚೀಲದ ಮೇಲೆ ಇರಲೇ ಇಲ್ಲ, ನನ್ನ ಮೇಲಿತ್ತು. "ಕಾಕಾ, ನಿಮಗ ಕೆಮ್ಮು ಬರೂದಿಲ್ಲೇನ್ರಿ?" ಅಂದೆ.

"ಮೊದಲ ನಾಕ ದಿನಾ ಅಷ್ಟ ರೀ ಸರ. ಆಮ್ಯಾಲ ಮೂಗಿಗೆ ಗೊತ್ತ ಆಗೂದಿಲ್ಲ."

ವಾಪಸ್ ಬರುವಾಗ ರೈಲಿನಲ್ಲಿ ಪೂರ್ತಿ ಅದೇ ಮಾತು ತಲೆಯಲ್ಲಿ. ಹೊರಗಿನವನು ಕೆಮ್ಮುತ್ತಾನೆ. ಒಳಗಿನವನು ಕೆಮ್ಮುವುದಿಲ್ಲ. ನನ್ನ ಕಥೆಯಲ್ಲಿ ಪೊಲೀಸರು ಹುಡುಕುತ್ತಿದ್ದದ್ದು ಹುಬ್ಬಳ್ಳಿಯಿಂದ ಬಂದ ಸಾಲಗಾರನನ್ನು. ಕೊಲೆ ನಡೆಯುವ ಮೆಣಸಿನಕಾಯಿ ಗೋಡೌನಿನ ವಾಚ್‌ಮನ್ ಆ ರಾತ್ರಿ ಯಾರನ್ನೂ ನೋಡಿಲ್ಲ, ಆದರೆ ಕೆಮ್ಮನ್ನೂ ಕೇಳಿಲ್ಲ. ಅಷ್ಟೇ ಸಾಕಿತ್ತು. ಎಂಟು ತಿಂಗಳು ತಲೆ ಕೆಡಿಸಿಕೊಂಡು ಹುಡುಕಿದ್ದ ಸುಳಿವನ್ನು ಆ ಜಾಗವೇ ಕೊಟ್ಟುಬಿಟ್ಟಿತು. ಇದು ಲಕ್ಕುಂಡಿಯಲ್ಲೂ ಸಿಗುತ್ತಿರಲಿಲ್ಲ, ಪ್ಲಾಟ್‌ಫಾರ್ಮಿನಲ್ಲೂ ಸಿಗುತ್ತಿರಲಿಲ್ಲ.

ಅಲ್ಲಿಂದ ಮುಂದೆ ಬೇರೆಯವೂ ತಾವಾಗಿ ಬಂದು ಕೂತವು. ಮಾರ್ಕೆಟ್ ನಡೆಯೋದು ಸೋಮವಾರ ಮತ್ತು ಗುರುವಾರ. ಹಿಂದಿನ ದಿನವೇ ಗಾಡಿಗಳು ಬರಲು ಶುರುವಾಗುತ್ತವೆ, ರೈತರು ತಮ್ಮ ಮಾಲಿನ ಪಕ್ಕದಲ್ಲೇ ಮಲಗುತ್ತಾರೆ. ಅಂದರೆ ಭಾನುವಾರ ಮತ್ತು ಬುಧವಾರ ರಾತ್ರಿ ಕೊಲೆ ಆಗೋಕೆ ಸಾಧ್ಯವೇ ಇಲ್ಲ. ಗುರುವಾರದ ಮಾಲು ತುಂಬಿಸುವ ಕೆಲಸ ಮುಗಿದು, ಮುಂದಿನ ಗಾಡಿ ಬರುವ ಮೊದಲು ಸಿಗೋದು ಶನಿವಾರ ರಾತ್ರಿ. ನಾನು ಸುಮ್ನೆ "ಒಂದು ಮಂಗಳವಾರ" ಅಂತ ಬರೆದಿದ್ದೆ, ಅದನ್ನು ತೆಗೆದು ಶನಿವಾರ ಮಾಡಿದೆ. ಕೆಂಪು ಕಾಯಿಯ ರಾಶಿಯ ಮೇಲೆ ಬಿದ್ದ ರಕ್ತ ರಾತ್ರಿ ಬಲ್ಬಿನ ಬೆಳಕಿಗೆ ಕಾಣೋದಿಲ್ಲ. ಆದರೆ ಒಣಗಿದ ಮೇಲೆ ರಕ್ತ ಕಪ್ಪಾಗುತ್ತದೆ, ಕಾಯಿ ಕೆಂಪಾಗಿಯೇ ಇರುತ್ತದೆ. ಹಾಗಾಗಿ ಭಾನುವಾರ ಮಧ್ಯಾಹ್ನ ತೊಟ್ಟು ಬಿಡಿಸಲು ಬಂದ ಹೆಂಗಸಿನ ಕಣ್ಣಿಗೆ ಅದು ಬೀಳುತ್ತದೆ. "ಈ ಕಾಯಿ ಯಾಕ ಹಿಂಗ ಕಪ್ಪಾಗ್ಯಾವು?" ಅಂತ ಅವಳು ಕೇಳುವ ಸಾಲು ಬರೆದಾಗ ನನ್ನ ಮೈಯೇ ಜುಂ ಎಂದಿತು.

ಇನ್ಸ್‌ಪೆಕ್ಟರಳನ್ನು ಹುಬ್ಬಳ್ಳಿಯಿಂದ ಹಾವೇರಿ ಜಿಲ್ಲೆಗೆ ವರ್ಗ ಮಾಡಿಸಿದೆ. ಬೇರೆ ದಾರಿ ಇರಲಿಲ್ಲ, ಆದರೆ ಅದರಿಂದ ಒಳ್ಳೆಯದೇ ಆಯಿತು. ಈಗ ಅವಳೂ ಹೊರಗಿನವಳು. ಪಂಚನಾಮೆ ಬರೆಸುವಾಗ ಅವಳು ಕೆಮ್ಮುತ್ತಾಳೆ, ಪಂಚರಾಗಿ ನಿಂತ ಇಬ್ಬರು ಹಮಾಲರು ಕೆಮ್ಮುವುದಿಲ್ಲ. ಐದನೇ ದಿನ ಗೋಡೌನಿಗೆ ಮತ್ತೆ ಬಂದಾಗ ತನಗೆ ಕೆಮ್ಮು ಬರುತ್ತಿಲ್ಲ ಅನ್ನೋದು ಅವಳಿಗೆ ಗೊತ್ತಾಗುತ್ತದೆ. ಕೇಸು ಬಿಚ್ಚಿಕೊಳ್ಳೋದು ಅಲ್ಲಿಂದಲೇ.

ಕಾನೂನಿನ ಕಡೆಯೂ ಗಮನ ಇರಲಿ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಅಪರಾಧದ ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಹೊಸ ಕಾನೂನು, ಜಾರಿಗೆ ಬಂದಿದೆ. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೋ ಆಗಬೇಕು ಅಂತ ಅದರಲ್ಲಿದೆ. ಇದನ್ನು ಪೂರ್ತಿ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶವೂ ಇದೆ. ಇನ್ಸ್‌ಪೆಕ್ಟರ್ ಒಬ್ಬಳೇ ಬಂದು ಭೂತಗನ್ನಡಿ ಹಿಡಿದು ಎಲ್ಲ ಹುಡುಕುವ ಹಳೆಯ ದೃಶ್ಯ ಈಗ ಬರೆದರೆ ಓದುವವರು ಒಪ್ಪೋದಿಲ್ಲ.

ಹೆಸರಿನ ವಿಷಯ ಬೇಗ ಮುಗಿಸುತ್ತೇನೆ. ಊರಿನ ಹೆಸರು ನಿಜದ್ದೇ ಇಟ್ಟೆ, ಅಂಗಡಿ ಮತ್ತು ಗೋಡೌನ್ ನಾನೇ ಕಟ್ಟಿದ್ದು. ನಿಜವಾಗಿ ದುಡಿದು ಬದುಕುವವರ ಬಾಗಿಲಲ್ಲಿ ಹೆಣ ಹಾಕುವುದು ನನಗೆ ಸರಿ ಕಾಣಲಿಲ್ಲ.

ಐದನೇ ಸಲ ಹೋಗಿದ್ದು ಶನಿವಾರ ರಾತ್ರಿ. ಹನ್ನೊಂದು ದಾಟಿತ್ತು. ಓಣಿ ನಾನು ಅಂದುಕೊಂಡಷ್ಟೇ ಖಾಲಿ ಇದೆಯಾ, ಬೆಳಕು ಎಲ್ಲಿ ಬೀಳುತ್ತದೆ ಅಂತ ನೋಡಬೇಕಿತ್ತು. ಒಂದು ಗೋಡೌನಿನ ಶಟರ್ ಮುಂದೆ ನಿಂತೆ. ಘಾಟು ಬಂತು. ಎಷ್ಟು ತಡೆದರೂ ಒಂದು ಕೆಮ್ಮು ಬಂದೇ ಬಿಟ್ಟಿತು. ಕತ್ತಲೊಳಗಿಂದ, ಮುಖ ಕಾಣದ ಕಡೆಯಿಂದ, ಒಬ್ಬರು ಕೇಳಿದರು:

"ಯಾರ್ರೀ ಅದು? ಹೊಸಬರು ಏನ್ರಿ?"

ಕಾದಂಬರಿಯ ಮೊದಲ ಸಾಲು ಈಗ ಅದೇ.